ಬ್ರಾಯ್ಲರ್ ಕೋಳಿಯ ಕರುಳುಬೇನೆ

ಸಂಜೆ ಮೇವು ತಿಂದ ಕೋಳಿ ಬೆಳಗಾಗುವಷ್ಟರಲ್ಲಿ ಸತ್ತು ಬಿದ್ದಿರುತ್ತದೆ. ಮೂರು ವಾರದ, ಮೈತುಂಬಿಕೊಂಡ ಕೋಳಿ. ನಮ್ಮ ಲಚ್ಯಾಣದ ಕಡೆ ಹೊಲದಲ್ಲಿ ಶೆಡ್ ಹಾಕಿದವರು ಮೊದಲು ಬೈಯುವುದು ಬಿಸಿಲನ್ನೇ. ಇಂಡಿ, ಸಿಂದಗಿ ಸೀಮೆಯ ಬೇಸಿಗೆ 40 ಡಿಗ್ರಿ ದಾಟುವಾಗ ಅದೇನೂ ತಪ್ಪಲ್ಲ. ಆದರೆ ಹೊಟ್ಟೆ ಕೊಯ್ದು ನೋಡಬೇಕು. ಸಣ್ಣಕರುಳು ಗಾಳಿ ತುಂಬಿ ಉಬ್ಬಿದ್ದು, ಮುಟ್ಟಿದರೆ ಹರಿಯುವಂತಿದ್ದರೆ ಅನುಮಾನ ಪಡಬೇಕು. ಸೀಳಿದಾಗ ನಾತ ಹೊಡೆಯುತ್ತದೆ, ಒಳಮೈ ತುಂಬ ಹಳದಿ-ಕಂದು ಪೊರೆ ಕಟ್ಟಿರುತ್ತದೆ. ಪಶುವೈದ್ಯರು ಇದನ್ನು ಟರ್ಕಿ ಟವೆಲ್ಲಿಗೆ ಹೋಲಿಸುತ್ತಾರೆ. ನಮಗೆ ಇಲ್ಲಿಂದ ರೈಲು ಹತ್ತಿದರೆ ಸಿಗುವ ಸೊಲ್ಲಾಪುರದ ಟವೆಲ್ಲೇ ಸಾಕು.

ರೋಗದ ಹೆಸರು ನೆಕ್ರೋಟಿಕ್ ಎಂಟರೈಟಿಸ್. 1961ರಲ್ಲಿ ಇಂಗ್ಲೆಂಡಿನಲ್ಲಿ ಪ್ಯಾರಿಶ್ ಎಂಬಾತ ಇದನ್ನು ಮೊದಲು ವಿವರಿಸಿದ. ಮಾಡುವುದು ಕ್ಲಾಸ್ಟ್ರಿಡಿಯಮ್ ಪರ್ಫ್ರಿಂಜೆನ್ಸ್ ಎಂಬ ಬ್ಯಾಕ್ಟೀರಿಯಾ. ಮಣ್ಣಿನಲ್ಲೂ ಗೊಬ್ಬರದಲ್ಲೂ ಗಟ್ಟಿ ಬೀಜಕವಾಗಿ ಬಹುಕಾಲ ಉಳಿಯುವ ಇದು ಆರೋಗ್ಯವಂತ ಕೋಳಿಯ ಕರುಳಿನಲ್ಲೂ ಇರುತ್ತದೆ. ಹಾಗಾಗಿ ರೋಗ ಯಾವ ಫಾರಂನಿಂದ ಬಂತೆಂದು ಜಗಳವಾಡಿ ಪ್ರಯೋಜನವಿಲ್ಲ. ಈ ಬ್ಯಾಕ್ಟೀರಿಯಾದ ಕೆಲವು ತಳಿಗಳು ನೆಟ್‌ಬಿ ಎಂಬ ವಿಷ ಸ್ರವಿಸಿ ಕರುಳಿನ ಕೋಶಗಳಿಗೆ ತೂತು ಕೊರೆಯುತ್ತವೆಂದು 2008ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ತೋರಿಸಿದರು.

ಸುಮ್ಮನಿದ್ದ ಬ್ಯಾಕ್ಟೀರಿಯಾ ಕೆರಳುವುದೇಕೆ? ಮೇವಿನಲ್ಲಿ ಗೋಧಿ, ಬಾರ್ಲಿ ಹೆಚ್ಚಾದರೆ ಕರುಳಿನೊಳಗೆ ಅಂಟಂಟಾಗುತ್ತದೆ. ಒಣಮೀನಿನ ಪುಡಿಯೂ ಬ್ಯಾಕ್ಟೀರಿಯಾಕ್ಕೆ ಹಬ್ಬದೂಟ. ನಮ್ಮಲ್ಲಿ ಮೇವೆಂದರೆ ಮುಖ್ಯವಾಗಿ ಗೋವಿನಜೋಳ, ಸೋಯಾ ಹಿಂಡಿ. ಗೋಧಿಯ ಭಯ ಅಷ್ಟಿಲ್ಲ. ದೊಡ್ಡ ವೈರಿ ಕಾಕ್ಸಿಡಿಯಾ ಎಂಬ ಪರೋಪಜೀವಿ. ಅದು ಕರುಳಿನ ಒಳಪದರ ಕಿತ್ತರೆ ಸೋರುವ ಪ್ರೋಟೀನು ಉಂಡು ಕ್ಲಾಸ್ಟ್ರಿಡಿಯಮ್ ಕೊಬ್ಬುತ್ತದೆ. ಹಿಕ್ಕೆಯಲ್ಲಿ ಬಿದ್ದ ಕಾಕ್ಸಿಡಿಯಾ ತತ್ತಿ ಬಲಿಯಲು ಬೇಕಾದದ್ದು ಬೆಚ್ಚಗಿನ ತೇವ.

ಮಳೆಗೆ ಬಾಯಿಬಿಡುವ ನಾಡಿನಲ್ಲಿ ತೇವ ಎಲ್ಲಿಂದ? ಶೆಡ್ಡಿನೊಳಗೆ ನಾವೇ ತಂದಿರುತ್ತೇವೆ. ಸೆಕೆಗೆ ನೀರು ಚಿಮುಕಿಸುವ ಫಾಗರ್ ಹಚ್ಚುತ್ತೇವೆ, ಕೋಳಿ ನೀರು ಕುಡಿಯುವ ನಿಪ್ಪಲ್ ಸೋರುತ್ತದೆ, ದಗೆಗೆ ಕೋಳಿ ನೀರು ಕುಡಿದು ಕುಡಿದು ಹಿಕ್ಕೆ ನೀರಾಗುತ್ತದೆ. ಸವಳು ನೀರಿದ್ದರೆ ಇನ್ನಷ್ಟು ಕುಡಿಯುತ್ತವೆ. ನೆಲಕ್ಕೆ ಹಾಸಿದ ಹೊಟ್ಟನ್ನು ಮುಷ್ಟಿಯಲ್ಲಿ ಹಿಸುಕಿ ನೋಡಿ: ಕೈಬಿಟ್ಟಾಗ ಉದುರಿದರೆ ಸರಿ, ಉಂಡೆಯಾಗಿ ನಿಂತರೆ ಕೆದರಿ ಒಣಗಿಸಬೇಕು. ಹೆಂಟೆಗಟ್ಟಿದ್ದನ್ನು ತೆಗೆದು ಹೊಸದನ್ನು ಹಾಸಬೇಕು.

ರೋಗ ಬಂದಮೇಲೆ ಪಶುವೈದ್ಯರು ನೀರಿನಲ್ಲಿ ಕೊಡುವ ಆಂಟಿಬಯಾಟಿಕ್ ಕೆಲಸ ಮಾಡುತ್ತದೆ. ರೋಗವಿಲ್ಲದಾಗಲೂ ಬೆಳವಣಿಗೆಗೆಂದು ಮೇವಿನಲ್ಲಿ ಬೆರೆಸುವ ಚಾಳಿ ಬೇರೆ ಮಾತು. ಅದನ್ನು ಸ್ವೀಡನ್ 1986ರಲ್ಲೂ ಐರೋಪ್ಯ ಒಕ್ಕೂಟ 2006ರಲ್ಲೂ ನಿಲ್ಲಿಸಿದವು. ಕೊಲಿಸ್ಟಿನ್ ಎಂಬ ಒಂದನ್ನು ಭಾರತ 2019ರಲ್ಲಿ ನಿಷೇಧಿಸಿತು, ಮನುಷ್ಯರ ಕೊನೆಯ ಔಷಧಿಗಳಲ್ಲಿ ಅದೂ ಒಂದಾದ್ದರಿಂದ.

ನನ್ನ ಲೆಕ್ಕದಲ್ಲಿ ಹೆಚ್ಚು ಕಾಡುವುದು ಈ ರೋಗದ ಸಾಯಿಸದ ಬಗೆ. ಕೋಳಿ ತಿನ್ನುತ್ತದೆ, ಓಡಾಡುತ್ತದೆ, ಆದರೆ ಗಾಯಗೊಂಡ ಕರುಳು ಮೇವನ್ನು ಹೀರುವುದಿಲ್ಲ. ಗುತ್ತಿಗೆಗೆ ಸಾಕುವವರಿಗೆ ಸಿಗುವ ಹಣ ತಿಂದ ಮೇವಿಗೆ ಎಷ್ಟು ತೂಕ ಬಂತೆಂಬುದರ ಮೇಲೆ ನಿಂತಿರುತ್ತದೆ. ಕೋಳಿ ಎತ್ತುವ ದಿನ ತಕ್ಕಡಿ ಹೇಳುವವರೆಗೆ ಇದು ಗೊತ್ತೇ ಆಗುವುದಿಲ್ಲ.