ಕರಾರು ಮತ್ತು ತಕರಾರು: ಪುನರ್ನಿರ್ಮಾಣಕ್ಕೆ ಹೊರಟ ಗೃಹಸಂಘಗಳಿಗೆ ಕೆಲವು ಮಾತು

“ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು” ಎಂಬುದು ಹಿರಿಯರ ಅನುಭವದ ಮಾತು. ಊರಿನಲ್ಲಿ ಮನೆ ಕಟ್ಟುವವನಿಗೆ ಒಬ್ಬ ಮೇಸ್ತ್ರಿಯೊಡನೆ ವ್ಯವಹಾರವಾದರೆ, ಮುಂಬಯಿಯ ಗೃಹಸಹಕಾರಿ ಸಂಘಕ್ಕೆ ಡೆವಲಪರ್, ವಾಸ್ತುಶಿಲ್ಪಿ, ಗುತ್ತಿಗೆದಾರ, ಮಹಾನಗರಪಾಲಿಕೆ, ಬ್ಯಾಂಕು ಇವರೆಲ್ಲರೊಡನೆಯೂ ವ್ಯವಹಾರ. ಕಾಂದಿವಲಿಯ ಹಳೆಯ ಕಟ್ಟಡಗಳು ಒಂದೊಂದಾಗಿ ಪುನರ್ನಿರ್ಮಾಣಕ್ಕೆ ಅಣಿಯಾಗುತ್ತಿವೆ. ಜೀವಮಾನದ ದುಡಿಮೆಯಿಂದ ಮನೆ ಮಾಡಿಕೊಂಡ ನಮ್ಮವರು ಅದರ ಕೀಲಿಕೈಯನ್ನು ಇನ್ನೊಬ್ಬರಿಗೊಪ್ಪಿಸಿ ಬಾಡಿಗೆ ಮನೆಗೆ ಹೋಗಬೇಕಾದ ಈ ಸಂದರ್ಭದಲ್ಲಿ, ವ್ಯಾಜ್ಯಗಳು ಹೇಗೆ ಹುಟ್ಟುತ್ತವೆ, ಹೇಗೆ ತೀರುತ್ತವೆ ಎಂಬುದನ್ನು ತಿಳಿದಿರುವುದು ಅವಶ್ಯ.

ಎಚ್ಚರ ತಪ್ಪಿದರೆ ಏನಾದೀತೆಂಬುದಕ್ಕೆ ನೆರೆಯ ಗೋರೆಗಾಂವದ ಸಿದ್ಧಾರ್ಥನಗರ, ಅಂದರೆ ಪತ್ರಾ ಚಾಳದ ಉದಾಹರಣೆಯೇ ಸಾಕು. ಅಲ್ಲಿಯ 672 ಕುಟುಂಬಗಳ ಪುನರ್ವಸತಿಗಾಗಿ ಸಂಘ, ಮ್ಹಾಡಾ ಮತ್ತು ಡೆವಲಪರ್ ನಡುವೆ 2008ರಲ್ಲಿ ತ್ರಿಪಕ್ಷೀಯ ಕರಾರಾಯಿತು. ನಿವಾಸಿಗಳ ಮನೆಗಳು ಪೂರ್ಣಗೊಳ್ಳಲಿಲ್ಲ, ಬಾಡಿಗೆಯೂ ನಿಂತಿತು. 2018ರಲ್ಲಿ ಮ್ಹಾಡಾ ಕರಾರನ್ನು ರದ್ದುಪಡಿಸಿ, ಮುಂದೆ ಕೆಲಸವನ್ನು ತಾನೇ ಕೈಗೆತ್ತಿಕೊಳ್ಳಬೇಕಾಯಿತು. ಎಷ್ಟೋ ಹಿರಿಯರಿಗೆ ಈ ಕಾಯುವಿಕೆಯ ವರ್ಷಗಳು ಮರಳಿ ಬಾರದವು.

ವ್ಯಾಜ್ಯದ ಮೂಲಗಳು ಬಹುತೇಕ ಇವೇ: ವಿಳಂಬ, ಬಾಡಿಗೆಯ ಬಾಕಿ, ಚದರಡಿಯಲ್ಲಿ ಕೊರತೆ, ಕಾಮಗಾರಿಯ ಕಳಪೆತನ, ಹೆಚ್ಚುವರಿ ಕೆಲಸದ ಹಣ. ಇವುಗಳಿಗೆ ಮದ್ದು ಕರಾರುಪತ್ರದಲ್ಲಿಯೇ ಇರತಕ್ಕದ್ದು. ಮಹಾರಾಷ್ಟ್ರ ಸಹಕಾರಿ ಸಂಘಗಳ ಕಾಯ್ದೆಯ 79ಎ ಕಲಮಿನನ್ವಯ ಸರಕಾರವು 2009ರಲ್ಲಿ ನೀಡಿ, 2019ರ ಜುಲೈ 4ರಂದು ಪರಿಷ್ಕರಿಸಿದ ನಿರ್ದೇಶನಗಳು ಡೆವಲಪರನ ಆಯ್ಕೆಯ ಕ್ರಮವನ್ನೂ, ಯೋಜನಾ ವೆಚ್ಚದ ಶೇಕಡಾ 20ರಷ್ಟು ಬ್ಯಾಂಕ್ ಗ್ಯಾರಂಟಿಯನ್ನೂ, ಎರಡು ವರ್ಷಗಳ, ವಿಶೇಷ ಸಂದರ್ಭದಲ್ಲಿ ಮೂರು ವರ್ಷಗಳ, ಅವಧಿಯನ್ನೂ ಹೇಳುತ್ತವೆ. ಕರಾರು ನೋಂದಣಿಯಾಗಿ ಗ್ಯಾರಂಟಿ ಕೈಸೇರುವ ಮೊದಲು ಮನೆ ಖಾಲಿ ಮಾಡುವುದು ವಿವೇಕವಲ್ಲ. ಖಾಲಿ ಮಾಡಿದ ಮೇಲೆ ಚೌಕಾಶಿಯ ಬಲ ಅರ್ಧಕ್ಕಿಳಿಯುತ್ತದೆ.

ರೇರಾ ಇದೆಯಲ್ಲ ಎಂದು ಕೆಲವರು ನೆಮ್ಮದಿಯಿಂದಿರುತ್ತಾರೆ. 2016ರ ಈ ಕಾಯ್ದೆಯು ಮಾರಾಟಕ್ಕಿಟ್ಟ ಮನೆಗಳ ಖರೀದಿದಾರರಿಗೆ ದೊಡ್ಡ ಆಸರೆಯೇ ಸರಿ. ವಿಳಂಬಕ್ಕೆ ಬಡ್ಡಿ, ರಚನಾತ್ಮಕ ದೋಷಕ್ಕೆ ಐದು ವರ್ಷಗಳ ಹೊಣೆ ಅದರಲ್ಲಿವೆ. ಆದರೆ ಸಂಘದ ಹಳೆಯ ಸದಸ್ಯರಿಗೆ ಮುಖ್ಯ ಆಧಾರ ಅವರ ಕರಾರುಪತ್ರವೇ.

ಇನ್ನು ಅತ್ಯಂತ ಮುಖ್ಯವಾದ ಮಾತು. ವ್ಯಾಜ್ಯದ ಗೆಲುವು ಸೋಲುಗಳು ನ್ಯಾಯಾಲಯಕ್ಕಿಂತ ಮೊದಲೇ, ಕಾಗದದ ಮೇಲೆ ನಿರ್ಧಾರವಾಗುತ್ತವೆ. 1872ರ ಕರಾರು ಕಾಯ್ದೆಯ 55ನೆಯ ಕಲಮನ್ನು ಗಮನಿಸಿರಿ. ಅವಧಿಯೇ ಮುಖ್ಯವೆಂದು ಒಪ್ಪಿದ ಕರಾರಿನಲ್ಲಿ, ಗಡುವು ಮೀರಿದ ಕೆಲಸವನ್ನು ಸ್ವೀಕರಿಸುವಾಗ “ನಷ್ಟ ಪರಿಹಾರ ಕೇಳುವೆವು” ಎಂದು ಆಗಲೇ ತಿಳಿಸದಿದ್ದರೆ, ಆ ವಿಳಂಬದ ಪರಿಹಾರವನ್ನು ಆಮೇಲೆ ಕೇಳಲಾಗದು. ಸೌಜನ್ಯದಿಂದ ಸುಮ್ಮನಿದ್ದವರು ಹಕ್ಕನ್ನೇ ಕಳೆದುಕೊಳ್ಳುವುದು ಹೀಗೆ. ಕಾಲಾವಧಿ ವಿಸ್ತರಿಸುವ ಪ್ರತಿಯೊಂದು ಪತ್ರದಲ್ಲಿಯೂ “ನಮ್ಮ ಪರಿಹಾರದ ಹಕ್ಕನ್ನು ಕಾಯ್ದಿರಿಸಿಕೊಂಡು” ಎಂಬ ಒಂದು ಸಾಲು ಇರಲಿ. 74ನೆಯ ಕಲಮಿನಂತೆ, ತಡವಾದರೆ ತಿಂಗಳಿಗಿಷ್ಟು ಎಂದು ಕರಾರಿನಲ್ಲಿ ಬರೆದ ಮೊತ್ತವೇ ಪರಿಹಾರದ ಗರಿಷ್ಠ ಮಿತಿ. ಆದ್ದರಿಂದ ಅದನ್ನು ಅಲ್ಪವಾಗಿ ಬರೆದುಕೊಳ್ಳಬಾರದು.

ಇನ್ನೊಂದು ಪಕ್ಷಕ್ಕೂ ನ್ಯಾಯವುಂಟು. ಸಂಘವೇ ನಕಾಶೆ ಬದಲಿಸಿದರೆ, ಸದಸ್ಯನೊಬ್ಬ ಮನೆ ಬಿಡದೆ ಕುಳಿತರೆ, ಆ ದಿನಗಳನ್ನು ಡೆವಲಪರನ ಲೆಕ್ಕಕ್ಕೆ ಬರೆಯಲಾಗದು. ಯಾವ ತಿಂಗಳು ಯಾರಿಂದ ಕೆಲಸ ನಿಂತಿತೆಂಬುದನ್ನು ತೋರಿಸುವ ದಿನಚರಿ, ಸಭೆಯ ನಡಾವಳಿ, ತಾರೀಖು ನಮೂದಿಸಿದ ಛಾಯಾಚಿತ್ರ, ಬಾಡಿಗೆ ಜಮೆಯ ಬ್ಯಾಂಕ್ ವಿವರ, ಇವನ್ನು ಒಬ್ಬ ಪದಾಧಿಕಾರಿ ಕ್ರಮವಾಗಿ ಕಾಯ್ದಿಡಬೇಕು. ಬಾಯಿಮಾತಿನ ಒಪ್ಪಿಗೆಯನ್ನು ಅಂದೇ ಪತ್ರದ ಮೂಲಕ ದೃಢಪಡಿಸಿಕೊಳ್ಳುವುದು ಒಳಿತು.

ತಕರಾರು ಹುಟ್ಟಿಯೇ ಬಿಟ್ಟರೆ ಮೆಟ್ಟಿಲು ಮೆಟ್ಟಿಲಾಗಿ ನಡೆಯಬೇಕು. ಮೊದಲು ಉಭಯಪಕ್ಷಗಳ ಮಾತುಕತೆ ಮತ್ತು ವಾಸ್ತುಶಿಲ್ಪಿಯ ಅಭಿಪ್ರಾಯ, ಬಳಿಕ ರಾಜಿಸಂಧಾನ, ಅದೂ ಫಲಿಸದಿದ್ದರೆ ಆರ್ಬಿಟ್ರೇಶನ್, ಅಂದರೆ ಕರಾರಿನನ್ವಯ ನೇಮಕವಾದ ಪಂಚರ ತೀರ್ಪು. 1996ರ ಕಾಯ್ದೆಯಂತೆ, ಉಭಯರ ಹೇಳಿಕೆಗಳು ಪೂರ್ಣಗೊಂಡ 12 ತಿಂಗಳೊಳಗೆ ಪಂಚರು ತೀರ್ಪು ನೀಡತಕ್ಕದ್ದು. ಉಭಯರೂ ಒಪ್ಪಿದರೆ ಇನ್ನೂ ಆರು ತಿಂಗಳು. ತುರ್ತು ರಕ್ಷಣೆಗೆ 9ನೆಯ ಕಲಮಿನಡಿ ನ್ಯಾಯಾಲಯವನ್ನು ಮೊದಲೇ ಕೇಳಬಹುದು. ಪಂಚನನ್ನು ಡೆವಲಪರನೊಬ್ಬನೇ ನೇಮಿಸುವ ಷರತ್ತಿಗೆ ಒಪ್ಪಬೇಡಿರಿ. ಫಲಿತಾಂಶದಲ್ಲಿ ಹಿತಾಸಕ್ತಿಯುಳ್ಳವನು ಏಕಮಾತ್ರ ಪಂಚನನ್ನು ನೇಮಿಸಲಾಗದೆಂದು ಸರ್ವೋಚ್ಚ ನ್ಯಾಯಾಲಯ 2019ರಲ್ಲಿಯೇ ಹೇಳಿದೆ. ಸಾಮಾನ್ಯವಾಗಿ ಹಕ್ಕು ಕೇಳಲು ಮೂರು ವರ್ಷಗಳ ಕಾಲಮಿತಿಯಿದೆ. ಬರಿಯ ಮಾತುಕತೆ ನಡೆಯುತ್ತಿದೆಯೆಂದು ಆ ಗಡಿಯಾರ ನಿಲ್ಲುವುದಿಲ್ಲ.

ವ್ಯಾಜ್ಯ ಬೆಳೆದಷ್ಟೂ ಖರ್ಚು ಬೆಳೆಯುವುದು ಇಬ್ಬರಿಗೂ. ಆದರೆ ಬಾಡಿಗೆ ಮನೆಯಲ್ಲಿ ವರ್ಷ ಎಣಿಸುವವನು ಸದಸ್ಯನು ಮಾತ್ರ. ಆದುದರಿಂದ ಮಹಾಸಭೆಯಲ್ಲಿ ಕೈಯೆತ್ತುವ ಮುನ್ನ ಪ್ರತಿಯೊಬ್ಬ ಸದಸ್ಯನೂ, ಸದಸ್ಯೆಯೂ ಕರಾರಿನ ಕರಡನ್ನು ಮನೆಗೆ ಒಯ್ದು ಓದಲಿ, ತಿಳಿಯದ ಕಲಮನ್ನು ಬಲ್ಲ ವಕೀಲರಲ್ಲಿ ಕೇಳಲಿ. ಸಹಿಯ ಮೊದಲು ಕೇಳಿದ ಒಂದು ಪ್ರಶ್ನೆ, ಸಹಿಯ ನಂತರದ ಹತ್ತು ನೋಟೀಸುಗಳಿಗಿಂತ ಮೇಲು.