ಐದು ಡಾಲರಿಗೆ ಹೋದ ಕೌದಿ

ಅಮೆರಿಕದ ಜಾರ್ಜಿಯಾ ರಾಜ್ಯದ ಅಥೆನ್ಸ್ ಪಟ್ಟಣ. 1891ನೇ ಇಸವಿ. ಚಿತ್ರಕಲೆಯ ಟೀಚರ್ ಜೆನ್ನಿ ಸ್ಮಿತ್ ಮನೆ ಮುಂದೆ ಒಂದು ಎತ್ತಿನ ಗಾಡಿ ಬಂದು ನಿಂತಿತು. ಇಳಿದವಳು ಐವತ್ತು ದಾಟಿದ ಕಪ್ಪು ಹೆಂಗಸು, ಹ್ಯಾರಿಯೆಟ್ ಪವರ್ಸ್. ಮಡಿಲಲ್ಲಿಟ್ಟುಕೊಂಡು ತಂದ ಗಂಟಿಗೆ ಹೊರಗೊಂದು ಗೋಣಿಚೀಲ, ಅದರೊಳಗೆ ಶುಭ್ರವಾಗಿ ಒಗೆದ ಹಿಟ್ಟಿನ ಚೀಲ, ಅದರೊಳಗೆ ಕೌದಿ. ಹತ್ತು ಡಾಲರ್ ಕೇಳಿದಳು. ತನ್ನಿಂದ ಐದೇ ಆಗುವುದು ಅಂದಳು ಸ್ಮಿತ್. ಹ್ಯಾರಿಯೆಟ್ ಹೊರಗೆ ಹೋಗಿ ಗಂಡ ಆರ್ಮ್‌ಸ್ಟೆಡ್‌ನನ್ನು ಕೇಳಿಕೊಂಡು ಬಂದಳು. ಕಾಲ ಕೆಟ್ಟಿದೆ, ಕೊಟ್ಟಷ್ಟು ತಗೋ ಅಂದನಂತೆ ಅವನು. ವ್ಯಾಪಾರ ಮುಗಿಯಿತು.

ಇಂದು ಆ ಕೌದಿ ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಸಂಸ್ಥೆಯ ಅಮೆರಿಕನ್ ಇತಿಹಾಸದ ವಸ್ತುಸಂಗ್ರಹಾಲಯದಲ್ಲಿದೆ. ಅಮೆರಿಕದ ಹೊಲಿಗೆ ಕಲೆಯ ಯಾವ ಚರಿತ್ರೆ ತೆರೆದರೂ ಅದರ ಚಿತ್ರ ಇದ್ದೇ ಇರುತ್ತದೆ.

ಈ ಚೌಕಾಸಿಯ ಕಥೆ ನಮಗೆ ಗೊತ್ತಿರುವುದು ಚೌಕಾಸಿ ಮಾಡಿದವಳೇ ಬರೆದಿಟ್ಟಿದ್ದರಿಂದ. ಸ್ಮಿತ್ ಆ ಕೌದಿಯನ್ನು ಮೊದಲು ನೋಡಿದ್ದು 1886ರಲ್ಲಿ, ಅಥೆನ್ಸಿನಲ್ಲಿ ನಡೆದ ಹತ್ತಿ ಮೇಳದ ಒಂದು ಮೂಲೆಯಲ್ಲಿ. ಹೊಲಿದವಳನ್ನು ಹುಡುಕಿಕೊಂಡು ಹೋಗಿ ಬೆಲೆ ಕೇಳಿದಳು. ಹ್ಯಾರಿಯೆಟ್ ಖಡಾಖಂಡಿತವಾಗಿ ಆಗುವುದಿಲ್ಲ ಅಂದುಬಿಟ್ಟಳು. ಆಗ ಆಕೆ ಹಾಗೆ ಹೇಳಬಹುದಾಗಿತ್ತು. ಗಂಡಹೆಂಡತಿಗೆ ಚೂರು ಜಮೀನಿತ್ತು, ಊಟಕ್ಕೆ ಮೋಸವಿರಲಿಲ್ಲ. ನಾಲ್ಕೈದು ವರ್ಷದಲ್ಲಿ ಲೆಕ್ಕ ತಪ್ಪಿತು. ಹತ್ತಿಯ ಬೆಲೆ ಬಿದ್ದುಹೋಗಿ ದಕ್ಷಿಣದ ಸಣ್ಣ ರೈತರು ಸಾಲದಲ್ಲಿ ಮುಳುಗುತ್ತಿದ್ದ ಕಾಲ ಅದು. ಈ ಸಲ ತಾನಾಗಿ ಹೇಳಿಕಳಿಸಿದವಳು ಹ್ಯಾರಿಯೆಟ್. ಆದರೆ ಆಗ ಸ್ಮಿತ್ ಕೈಯಲ್ಲಿ ಕಾಸಿರಲಿಲ್ಲ. ಮತ್ತೆ ಕೆಲವು ದಿನ ಕಳೆದ ಮೇಲೆ ಆಕೆಯೇ ವಿಚಾರಿಸಿದಾಗ ಎತ್ತಿನ ಗಾಡಿ ಬಂತು.

ಮಾರಿದ ಮೇಲೂ ಹ್ಯಾರಿಯೆಟ್‌ಗೆ ಮನಸ್ಸು ತಡೆಯಲಿಲ್ಲ. ಕೌದಿಯನ್ನು ನೋಡಿಹೋಗಲೆಂದೇ ಹಲವು ಸಲ ಸ್ಮಿತ್ ಮನೆಗೆ ಬಂದಳು. ಚಿಂದಿ ಬಟ್ಟೆಗಳನ್ನೆಲ್ಲ ಕೂಡಿಟ್ಟು ನಿನಗೇ ಕೊಡುತ್ತೇನೆಂದು ಸ್ಮಿತ್ ಸಮಾಧಾನ ಹೇಳಿದ್ದಳು. ಇದನ್ನೂ ಮುಚ್ಚಿಡದೆ ಬರೆದಿದ್ದಾಳೆ, ಪುಣ್ಯಾತಿಗಿತ್ತಿ. ಹಾಗೆಂದು ಐದು ಡಾಲರ್ ಹತ್ತಾಗುವುದಿಲ್ಲ.

ಹ್ಯಾರಿಯೆಟ್ ಹುಟ್ಟಿದ್ದು 1837ರಲ್ಲಿ, ಅಥೆನ್ಸಿನ ಹತ್ತಿರ, ಗುಲಾಮಳಾಗಿ. ಮದುವೆಯಾಯಿತು, ಮಕ್ಕಳಾದವು, ಅಂತರ್ಯುದ್ಧ ಮುಗಿದು ಬಿಡುಗಡೆಯೂ ಆಯಿತು. ಆ ವರ್ಷಗಳ ಬಗ್ಗೆ ಜನಗಣತಿ, ತೆರಿಗೆಯ ಕಾಗದಗಳು ಹೇಳುವುದು ಅಷ್ಟಕ್ಕಷ್ಟೆ. ಆದ್ದರಿಂದ ಸೀದಾ ಬಟ್ಟೆಗೇ ಬರುವುದು ವಾಸಿ.

ಉತ್ತರ ಕರ್ನಾಟಕದ ಅಜ್ಜಿಯರು ಹಳೆಯ ಸೀರೆ, ಧೋತರ ಪದರ ಪದರವಾಗಿ ಹಾಸಿ, ಮೇಲೆ ಬಣ್ಣದ ತುಂಡು ಜೋಡಿಸಿ, ಸಾಲುಸಾಲಾಗಿ ಓಡುಹೊಲಿಗೆ ಹಾಕುವುದನ್ನು ನೋಡಿದವರಿಗೆ ಹ್ಯಾರಿಯೆಟ್‌ಳ ಕೆಲಸದ ಅರ್ಧ ಗೊತ್ತಿದ್ದಂತೆಯೇ. ಮೇಲೊಂದು ಬಟ್ಟೆ, ಕೆಳಗೊಂದು ಅಸ್ತರು, ನಡುವೆ ತೆಳ್ಳಗೆ ಹತ್ತಿ. ಮೂರನ್ನೂ ಹಿಡಿದು ಹೊಲಿಗೆ. ಉಳಿದರ್ಧ ಬೇರೆ. ಆಕೆ ಮೇಲಿನ ಬಟ್ಟೆಯ ಮೇಲೆ ಚಿತ್ರ ಕೂರಿಸಿದಳು. ಬಣ್ಣದ ಬಟ್ಟೆಯಲ್ಲಿ ಮನುಷ್ಯ, ಹಾವು, ಒಂಟೆ, ಸೂರ್ಯ, ನಕ್ಷತ್ರಗಳನ್ನು ಕತ್ತರಿಸಿ, ಅಂಚನ್ನು ಕೆಲವೆಡೆ ಕೈಯಿಂದ, ಕೆಲವೆಡೆ ಮಷೀನಿನಲ್ಲಿ ಹೊಲಿದಳು. ಬಹುತೇಕ ಆಕೃತಿಗಳಿಗೆ ಕಣ್ಣು ಮೂಗಿನ ಗೊಡವೆಯಿಲ್ಲ, ಬರೀ ಆಕಾರ. ಹಾಗಿದ್ದೂ ಯಾರು ಓಡುತ್ತಿದ್ದಾರೆ, ಯಾರು ಬೇಡುತ್ತಿದ್ದಾರೆ ಅಂತ ತಿಳಿದೇ ತಿಳಿಯುತ್ತದೆ.

ಈ ಶೈಲಿ ಎಲ್ಲಿಂದ ಬಂತು? ಇಂದಿನ ಬೆನಿನ್ ದೇಶದಲ್ಲಿದ್ದ ದಹೋಮಿ ರಾಜ್ಯದ ಅಂಟುಹೊಲಿಗೆಯ ಬಟ್ಟೆಗಳಿಗೂ ಇದಕ್ಕೂ ಇರುವ ಹೋಲಿಕೆಯನ್ನು ವಿದ್ವಾಂಸರು ಎತ್ತಿ ತೋರಿಸಿದ್ದಾರೆ. ಅಲ್ಲಿಯೂ ಪ್ರಾಣಿಗಳು, ಅಲ್ಲಿಯೂ ದಪ್ಪ ಬಣ್ಣದ ಸರಳ ಆಕಾರಗಳು. ಆದರೆ ದಹೋಮಿಯಲ್ಲಿ ಅದು ಗಂಡಸರ ಕಸುಬು. ಜಾರ್ಜಿಯಾದ ಹೆಂಗಸಿನ ಕೈಗೆ ಅದು ಹೇಗೆ ಬಂತೆಂಬುದಕ್ಕೆ ಕೊಂಡಿಯಿಲ್ಲ, ಹೋಲಿಕೆಯಷ್ಟೇ ಇದೆ. ಆಫ್ರಿಕಾ ಮೂಲದ ಸಿದ್ದಿ ಹೆಂಗಸರು ನಮ್ಮ ಯಲ್ಲಾಪುರ, ಹಳಿಯಾಳದ ಕಡೆ ಇಂದಿಗೂ ಕೌದಿ ಹೊಲಿಯುತ್ತಾರೆ. ಅಂಚಿನಿಂದ ಶುರುಮಾಡಿ ಸುತ್ತುತ್ತ ನಡುವಿಗೆ ಬರುವ ರೀತಿ ಅವರದು. ಅವರನ್ನೂ ಹ್ಯಾರಿಯೆಟ್‌ಳನ್ನೂ ಒಂದೇ ದಾರದಲ್ಲಿ ಪೋಣಿಸುವ ಆಸೆ ಯಾರಿಗಾದರೂ ಆದೀತು. ಆದರೆ ಹೊಲಿಗೆಯ ದಾರಿಯೇ ಬೇರೆ.

ಸ್ಮಿತ್ ಕೊಂಡ ಕೌದಿಯಲ್ಲಿ ಹನ್ನೊಂದು ಚೌಕಗಳಿವೆ, ಎಲ್ಲ ಬೈಬಲ್ಲಿನ ಕಥೆಗಳು. ಆದಮ, ಹವ್ವ, ತಮ್ಮನನ್ನು ಕೊಂದ ಕಾಯಿನ, ಯಾಕೋಬನ ಕನಸಿನ ಏಣಿ, ಯೇಸುವಿನ ಕೊನೆಯ ಊಟ. ಮೂವತ್ತು ಬೆಳ್ಳಿ ನಾಣ್ಯಕ್ಕೆ ಗುರುವನ್ನು ಮಾರಿದ ಯೂದನ ಚೌಕದಲ್ಲಿ ಹ್ಯಾರಿಯೆಟ್ 1886ರಲ್ಲಿ ಕಾಣಿಸಿತೆಂದು ತಾನು ನಂಬಿದ ಒಂದು ನಕ್ಷತ್ರವನ್ನೂ ಸೇರಿಸಿದ್ದಾಳೆ. ಎರಡು ಸಾವಿರ ವರ್ಷದ ಹಿಂದಿನ ಕಥೆಗೆ ಮೊನ್ನೆಯ ಆಕಾಶ!

ಆಕೆಯ ಎರಡನೆಯ ಕೌದಿ ಇನ್ನೂ ದೊಡ್ಡ ಎದೆಗಾರಿಕೆಯದು. 1895ರಲ್ಲಿ ಅಟ್ಲಾಂಟಾದ ಹತ್ತಿ ರಾಜ್ಯಗಳ ವಸ್ತುಪ್ರದರ್ಶನಕ್ಕೆ ಸ್ಮಿತ್ ತಾನು ಕೊಂಡ ಕೌದಿಯನ್ನು ಕಳಿಸಿದ್ದಳು. ಈ ಇನ್ನೊಂದರ ದಾರಿ ಬೇರೆ, ಇದು 1898ರಲ್ಲಿ ನ್ಯೂಯಾರ್ಕಿನ ಪಾದ್ರಿ ಚಾರ್ಲ್ಸ್ ಕಥ್‌ಬರ್ಟ್ ಹಾಲ್ ಅವರಿಗೆ ಉಡುಗೊರೆಯಾಗಿ ಹೋಯಿತು. ಹಲವು ಕೈ ದಾಟಿ 1964ರಲ್ಲಿ ಬಾಸ್ಟನ್ನಿನ ಲಲಿತಕಲಾ ವಸ್ತುಸಂಗ್ರಹಾಲಯ ಸೇರಿತು. ಇದರಲ್ಲಿ ಹದಿನೈದು ಚೌಕ. ಯೋಬ, ಯೋನ, ಮೋಶೆಯರ ನಡುವೆ ಆಕೆ ಲೋಕದ ಸುದ್ದಿಗಳನ್ನು ತಂದು ಕೂರಿಸಿದಳು. 1780ರ ಮೇ 19ರಂದು ನಡುಹಗಲಲ್ಲೇ ಕತ್ತಲು ಕವಿದು ದನಕರುಗಳು ಮಲಗಿದ್ದು, ಕೋಳಿಗಳು ಗೂಡು ಸೇರಿದ್ದು. 1833ರ ನವೆಂಬರ್ 13ರಂದು ಆಕಾಶದಿಂದ ಉಲ್ಕೆಗಳು ಮಳೆಯಂತೆ ಉದುರಿದ್ದು. ಎರಡೂ ಆಕೆ ಹುಟ್ಟುವ ಮೊದಲಿನವು, ಬಾಯಿಂದ ಬಾಯಿಗೆ ಬಂದವು. 1895ರ ಫೆಬ್ರವರಿಯ ಚಳಿಯಂತೂ ಆಕೆಯ ಕಾಲದ್ದೇ: ಪ್ರಾರ್ಥಿಸುತ್ತಲೇ ಹೆಪ್ಪುಗಟ್ಟಿದ ಹೆಂಗಸು, ಹೆಂಡದ ಹೂಜಿಯ ಪಕ್ಕದಲ್ಲೇ ಸೆಟೆದುಹೋದ ಗಂಡಸು, ಉಸಿರು ಮಂಜುಗಡ್ಡೆಯ ಕಡ್ಡಿಯಾಗಿ ಇಳಿಬಿದ್ದ ಹೇಸರಗತ್ತೆ.

ಇವೆಲ್ಲದರ ನಡುವೆ ಒಂದು ಹಂದಿ. ಹೆಸರು ಬೆಟ್ಸ್. ಜಾರ್ಜಿಯಾದಿಂದ ವರ್ಜೀನಿಯಾಕ್ಕೆ 500 ಮೈಲಿ ಓಡಿಹೋದ ಸ್ವತಂತ್ರ ಹಂದಿ ಎಂಬುದು ಹ್ಯಾರಿಯೆಟ್ ಕೊಟ್ಟ ವಿವರಣೆ. ದೇವರ ಮಾತು ಕಲಿಯದೆ ಶಿಕ್ಷೆಗೆ ಗುರಿಯಾದ ಸಿರಿವಂತರ ಚೌಕದಲ್ಲಿ ಈ ಹಂದಿಗೆ ಏನು ಕೆಲಸ? ಗುಲಾಮಗಿರಿಯಿಂದ ತಪ್ಪಿಸಿಕೊಂಡು ಉತ್ತರದ ಕಡೆ ಓಡಿದವರ ಸಂಕೇತ ಅದು ಎಂದು ಇತಿಹಾಸಕಾರರು ಓದಿದ್ದಾರೆ. ಇರಬಹುದು. ಸ್ವತಂತ್ರ ಎಂಬ ವಿಶೇಷಣವನ್ನು ಹಂದಿಯೊಂದಕ್ಕೆ ಗುಲಾಮಳಾಗಿ ಹುಟ್ಟಿದವಳು ಸುಮ್ಮನೆ ಕೊಟ್ಟಿರಲಾರಳು.

ಕೋಪ ಬರುವುದು ಮುಂದಿನ ಭಾಗಕ್ಕೆ. ಇಂಥ ಕೌದಿ ಹೊಲಿದವಳಿಗೆ ಅಕ್ಷರವೇ ಬರುತ್ತಿರಲಿಲ್ಲ ಎಂದು ದಶಕಗಳ ಕಾಲ ಪುಸ್ತಕಗಳು ಬರೆದುಕೊಂಡು ಬಂದವು. ಪಾದ್ರಿಗಳ ಉಪದೇಶ ಕೇಳಿ ಕೇಳಿ ಹೊಲಿದಳು, ಪಾಪದ ಮುಗ್ಧೆ ಎಂಬ ಧಾಟಿ. ಕೈಯಲ್ಲಿ ಸೂಜಿ ಹಿಡಿದವಳ ತಲೆಯಲ್ಲಿ ಪುಸ್ತಕವಿರಬಹುದೆಂದು ಒಪ್ಪಲು ಯಾರಿಗೂ ಮನಸ್ಸಿರಲಿಲ್ಲ. ಕೈರಾ ಹಿಕ್ಸ್ ಎಂಬ ಸಂಶೋಧಕಿ ಹಟ ಹಿಡಿದು ಹುಡುಕಿ 2009ರಲ್ಲಿ ಹೊರತಂದ ಪುಸ್ತಕ ಅದಕ್ಕೆ ತೆರೆ ಎಳೆಯಿತು. ಐಯೋವಾ ರಾಜ್ಯದ ಕಿಯೋಕಕ್ ಊರಿನ ಮಹಿಳೆಯೊಬ್ಬಳಿಗೆ ಹ್ಯಾರಿಯೆಟ್ 1896ರಲ್ಲಿ ಬರೆದ ಪತ್ರದ ಪ್ರತಿ ಅವರಿಗೆ ಸಿಕ್ಕಿತು. ಎಳವೆಯಲ್ಲಿ ಬಿಳಿಯರ ಮಕ್ಕಳಿಂದ ಅಕ್ಷರ ಕಲಿತದ್ದನ್ನು, ಆಮೇಲೆ ತಾನಾಗಿ ಓದಿಕೊಂಡದ್ದನ್ನು ಅದರಲ್ಲಿ ಆಕೆಯೇ ಹೇಳಿದ್ದಾಳೆ. ಬೇರೆ ಕೌದಿಗಳ ಸುದ್ದಿಯೂ ಅಲ್ಲಿದೆ. ಒಂದು, ಸಾವಿರಾರು ವಜ್ರಾಕಾರದ ತುಂಡುಗಳನ್ನು ಜೋಡಿಸಿದ್ದು. ಇನ್ನೊಂದು, ಪ್ರಭುವಿನ ಭೋಜನದ ಕೌದಿ.

ಅಂದರೆ ನಮಗೆ ಸಿಕ್ಕ ಎರಡು ಕೌದಿಗಳೂ ಉಳಿದದ್ದು ಅನುಕೂಲಸ್ಥರ ಮನೆ ಸೇರಿದ್ದರಿಂದ, ಬರೆದುಕೊಳ್ಳುವವರ ಮುಂದೆ ಹ್ಯಾರಿಯೆಟ್ ಪ್ರತಿ ಚೌಕದ ಅರ್ಥವನ್ನೂ ಬಿಡಿಸಿ ಹೇಳಿದ್ದರಿಂದ. ತನ್ನ ಕೆಲಸಕ್ಕೆ ತಾನೇ ಟಿಪ್ಪಣಿ ಬರೆಸಿದ ಜಾಣೆ ಆಕೆ. ಮನೆಯಲ್ಲಿ ಹೊದ್ದು ಹಾಸಿದವು ಉಳಿಯಲಿಲ್ಲ.

ಸ್ಮಿತ್ ತೀರಿಕೊಂಡ ಮೇಲೆ, ಐದು ಡಾಲರಿಗೆ ಕೊಂಡ ಆ ಬೈಬಲ್ ಕೌದಿ ಆಕೆಯ ಆಸ್ತಿ ನೋಡಿಕೊಂಡವರ ಮನೆಯಲ್ಲಿತ್ತು. ಅವರು 1969ರಲ್ಲಿ ಸ್ಮಿತ್ಸೋನಿಯನ್‌ಗೆ ಕೊಟ್ಟರು. ಅಲ್ಲಿಗೆ ನೆಮ್ಮದಿ ಅನ್ನುವಷ್ಟರಲ್ಲಿ, 1990ರ ದಶಕದ ಆರಂಭದಲ್ಲಿ ಆ ಸಂಸ್ಥೆ ತನ್ನಲ್ಲಿದ್ದ ಹಳೆಯ ಕೌದಿಗಳ ನಕಲು ಮಾಡಿ ಮಾರಲು ಕಂಪನಿಯೊಂದಕ್ಕೆ ಪರವಾನಗಿ ಕೊಟ್ಟಿತು. ಅವುಗಳಲ್ಲಿ ಹ್ಯಾರಿಯೆಟ್‌ಳ ಕೌದಿಯೂ ಒಂದು. ನಕಲು ತಯಾರಾದದ್ದು ಚೀನಾದಲ್ಲಿ. ಅಮೆರಿಕದ ಕೌದಿ ಹೊಲಿಯುವ ಹೆಂಗಸರು ಕೆರಳಿ ಪ್ರತಿಭಟನೆಗಿಳಿದರು. ಅಗ್ಗದ ಕೂಲಿಯ ಮಾಲು ತಮ್ಮ ಹೊಟ್ಟೆಯ ಮೇಲೆ ಹೊಡೆಯುತ್ತದೆ ಎಂಬುದು ಅವರ ಒಂದು ವಾದ. ಹೊಲಿದವಳ ಕೈಗುರುತು ಅಳಿದುಹೋಗುತ್ತದೆ ಎಂಬುದು ಇನ್ನೊಂದು. ಎರಡೂ ಸರಿಯೇ. ಗುಲಾಮಗಿರಿಯಲ್ಲಿ ಬೆಳೆದವಳ ಕೌದಿಯನ್ನು ಹೆಸರೇ ಗೊತ್ತಿರದ ಕೂಲಿ ಕೈಗಳಿಂದ ಮತ್ತೆ ಹೊಲಿಸುವ ಬುದ್ಧಿ ಯಾರಿಗೆ ಹೊಳೆಯಿತೋ!

ಹ್ಯಾರಿಯೆಟ್‌ಳ ಕೊನೆಯ ವರ್ಷಗಳು ಸುಖವಾಗಿರಲಿಲ್ಲ. ಗಂಡ ಬೇರೆಯಾದ, ಜಮೀನು ಚೂರುಚೂರಾಗಿ ಕೈಬಿಟ್ಟುಹೋಯಿತು, ಹೊಲಿಗೆಯೇ ಬದುಕಿನ ಆಸರೆಯಾಯಿತು. 1910ರ ಜನವರಿ 1ರಂದು ತೀರಿಕೊಂಡಳು. ಸಮಾಧಿ ಎಲ್ಲಿದೆ ಎಂಬುದೂ ಮರೆತುಹೋಗಿ, ಅಥೆನ್ಸಿನ ಗಾಸ್ಪೆಲ್ ಪಿಲ್‌ಗ್ರಿಮ್ ಸ್ಮಶಾನದಲ್ಲಿ ಕಲ್ಲು ಮತ್ತೆ ಸಿಕ್ಕಿದ್ದು 2005ರಲ್ಲಿ. ಎರಡೂ ಕೌದಿಗಳು ಮೊದಲ ಸಲ ಒಂದೇ ಸೂರಿನಡಿ ಪ್ರದರ್ಶನಗೊಂಡದ್ದು 2021ರಲ್ಲಿ, ಬಾಸ್ಟನ್ನಿನಲ್ಲಿ.

ಅಷ್ಟು ದೂರ ಹೋಗಲಾಗದವರಿಗೆ ಎರಡೂ ಸಂಗ್ರಹಾಲಯಗಳು ಚಿತ್ರಗಳನ್ನು ಅಂತರ್ಜಾಲದಲ್ಲಿ ಬಿಚ್ಚಿಟ್ಟಿವೆ. ಬಾಸ್ಟನ್ನಿನ ಕೌದಿಯನ್ನು ದೊಡ್ಡದು ಮಾಡಿ ನೋಡಿ. ಬೆಟ್ಸ್ ಇರುವುದು ಕೆಳಸಾಲಿನ ನಟ್ಟನಡುವಿನ ಚೌಕದಲ್ಲಿ.