ಟರ್ಬೊ ಎಂಜಿನ್ನಿಗೆ ಯಾವ ನಂಬರಿನ ಪ್ಲಗ್?

ಎಂಜಿನ್ನಿನ ಬಲ ಹೆಚ್ಚಿಸಲು ಹೊರಟವರು ದೊಡ್ಡ ಟರ್ಬೊ, ಇಂಜೆಕ್ಟರ್, ಇಂಟರ್‌ಕೂಲರ್ ಎಂದು ಲಕ್ಷಗಟ್ಟಲೆ ಸುರಿಯುತ್ತಾರೆ. ಹೆಡ್ಡಿನೊಳಗೆ ಕೂತ ಸ್ಪಾರ್ಕ್ ಪ್ಲಗ್ ಮಾತ್ರ ಹಳೆಯದೇ ಉಳಿದುಬಿಡುತ್ತದೆ. ಆ ಸಣ್ಣ ಸಾಮಾನಿನ ಆಯ್ಕೆ ತಪ್ಪಿದರೆ ಪಿಸ್ಟನ್ನೇ ಕರಗಬಹುದು. ಹಾಗಾಗಿ ಪ್ಲಗ್ಗಿನ ‘ಹೀಟ್ ರೇಂಜ್’ ಎಂದರೇನು, ಅದನ್ನು ಆರಿಸುವುದು ಹೇಗೆ ಎಂಬುದು ಮೊದಲೇ ಗೊತ್ತಿರಬೇಕು.

ಶಾಖ ಹೊರಹೋಗುವ ದಾರಿ

ಹೀಟ್ ರೇಂಜಿಗೂ ಕಿಡಿಯ ಜೋರಿಗೂ ಸಂಬಂಧವಿಲ್ಲ. ಪ್ಲಗ್ಗಿನ ತುದಿಗೆ ತಗುಲಿದ ಶಾಖ ಎಷ್ಟು ಬೇಗ ಹೆಡ್ಡಿಗೆ ಇಳಿದುಹೋಗುತ್ತದೆ ಎಂಬುದರ ಅಳತೆ ಅದು. ಮಧ್ಯದ ಕಡ್ಡಿಯನ್ನು ಸುತ್ತಿದ ಬಿಳಿ ಪಿಂಗಾಣಿಯ ಮೂತಿಯನ್ನು ನೋಡಿ. ಮೂತಿ ಉದ್ದವಾಗಿದ್ದರೆ ಶಾಖ ಸಾಗಬೇಕಾದ ದಾರಿಯೂ ಉದ್ದ. ತುದಿ ಬಿಸಿಯಾಗಿಯೇ ಉಳಿಯುತ್ತದೆ. ಇದು ಹಾಟ್ ಪ್ಲಗ್. ಮೂತಿ ಗಿಡ್ಡವಾಗಿದ್ದರೆ ಶಾಖ ಬೇಗ ಇಳಿದು ತುದಿ ತಂಪಾಗುತ್ತದೆ. ಇದು ಕೋಲ್ಡ್ ಪ್ಲಗ್. ಇರಿಡಿಯಮ್, ಪ್ಲಾಟಿನಮ್, ನಿಕ್ಕಲ್ ಎಂಬುವು ಕಡ್ಡಿಯ ಲೋಹದ ಹೆಸರುಗಳಷ್ಟೆ. ಇರಿಡಿಯಮ್ ಹಾಕಿದ ಮಾತ್ರಕ್ಕೆ ಪ್ಲಗ್ ಕೋಲ್ಡ್ ಆಗುವುದಿಲ್ಲ.

ತುದಿ ಸುಮಾರು 450ರಿಂದ 500 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಅದರ ಮೇಲೆ ಕೂತ ಮಸಿ ತಾನಾಗಿ ಉರಿದುಹೋಗುತ್ತದೆ. ಅದಕ್ಕಿಂತ ತಂಪಾಗಿದ್ದರೆ ಮಸಿ ಕಟ್ಟಿ ಎಂಜಿನ್ ಮಿಸ್ಸಿಂಗ್ ಹೊಡೆಯುತ್ತದೆ. ಸುಮಾರು 850 ಡಿಗ್ರಿ ದಾಟಿದರೆ ತುದಿಯೇ ಕೆಂಡವಾಗಿ, ಕಿಡಿ ಹಾರುವ ಮೊದಲೇ ಪೆಟ್ರೋಲಿಗೆ ಬೆಂಕಿ ಹಚ್ಚತೊಡಗುತ್ತದೆ. ಪಿಸ್ಟನ್ ಇನ್ನೂ ಮೇಲೇರುತ್ತಿರುವಾಗಲೇ ಸ್ಫೋಟ ಎದುರಾದರೆ ಅಲ್ಯೂಮಿನಿಯಂ ಬಹಳ ಹೊತ್ತು ತಾಳದು. ಅತ್ತ ದರಿ, ಇತ್ತ ಪುಲಿ. ಪ್ಲಗ್ ಇವೆರಡರ ನಡುವೆ ಇರಬೇಕು.

ಟರ್ಬೊ ಹೆಚ್ಚು ಗಾಳಿ ತುಂಬುತ್ತದೆ, ಅದಕ್ಕೆ ತಕ್ಕಂತೆ ಇಂಧನವೂ ಹೆಚ್ಚು ಉರಿಯುತ್ತದೆ. ಬೂಸ್ಟ್, ಅಂದರೆ ಟರ್ಬೊ ತುಂಬುವ ಗಾಳಿಯ ಒತ್ತಡ, ಏರಿಸಿದರೆ ತುದಿ ಆ 850 ಡಿಗ್ರಿಯ ಗೆರೆಯತ್ತ ಸರಿಯುತ್ತದೆ. ಟೈಮಿಂಗ್ ಅಡ್ವಾನ್ಸ್ ಮಾಡಿ ಕಿಡಿಯನ್ನು ಬೇಗ ಹಾರಿಸಿದರೂ, ಇಂಧನ ಕಡಿಮೆಯಾದರೂ ಅದೇ ಪರಿಣಾಮ.

ನಂಬರಿನ ಗೊಂದಲ

ಜಪಾನಿನ ಎನ್‌ಜಿಕೆ, ಡೆನ್ಸೊ ಕಂಪನಿಗಳಲ್ಲಿ ನಂಬರು ಹೆಚ್ಚಿದಷ್ಟೂ ಪ್ಲಗ್ ಕೋಲ್ಡ್. ಬಾಷ್ ಮತ್ತು ಚಾಂಪಿಯನ್ನಿನಲ್ಲಿ ಇದು ತಿರುಗುಮುರುಗು. ನಂಬರು ಹೆಚ್ಚಿದಷ್ಟೂ ಹಾಟ್. ನಮ್ಮ ಬೆಂಗಳೂರಿನ ಮೈಕೋ, ಅಂದರೆ ಇಂದಿನ ಬಾಷ್, ಪ್ಲಗ್ಗುಗಳಿಗೆ ಕೈ ಪಳಗಿದವರು ಜಪಾನಿ ಪ್ಲಗ್ ಕೊಳ್ಳುವಾಗ ಇದನ್ನು ಮರೆಯಬಾರದು. ಎನ್‌ಜಿಕೆಯ 6, ಡೆನ್ಸೊದ 20, ಬಾಷ್‌ನ 7 ಹೆಚ್ಚುಕಡಿಮೆ ಒಂದೇ. ಕಂಪನಿ ಬದಲಿಸುವಾಗ ಹೋಲಿಕೆಯ ಪಟ್ಟಿ ನೋಡಿಯೇ ಕೊಳ್ಳಿ.

ಸುಪ್ರಾದ ಲೆಕ್ಕ

ಟೊಯೋಟಾ ಸುಪ್ರಾದ 2ಜೆಜಡ್-ಜಿಟಿಇ ಎಂಜಿನ್ನನ್ನೇ ತೆಗೆದುಕೊಳ್ಳೋಣ. ಮೂರು ಲೀಟರ್, ಸಾಲಾಗಿ ಆರು ಸಿಲಿಂಡರ್, ಎರಡು ಟರ್ಬೊ. 1990ರ ದಶಕದಲ್ಲಿ ಅಮೆರಿಕದಲ್ಲಿ ಮಾರಾಟವಾದ ಕಾರಿಗೆ 320 ಅಶ್ವಶಕ್ತಿ. ಕಾರ್ಖಾನೆಯ ಪ್ಲಗ್ ಎನ್‌ಜಿಕೆ ಲೆಕ್ಕದಲ್ಲಿ 6, ಗ್ಯಾಪ್ (ಮಧ್ಯದ ಕಡ್ಡಿಗೂ ಹೊರಗಿನ ಕೊಂಡಿಗೂ ನಡುವಿನ ಅಂತರ) 1.1 ಮಿಲಿಮೀಟರ್. ಇದರ ಬ್ಲಾಕ್ ಎರಕದ ಕಬ್ಬಿಣದ್ದಾದ್ದರಿಂದ ಟ್ಯೂನರ್‌ಗಳು ಬಲವನ್ನು ಇಮ್ಮಡಿಗೂ ಹೆಚ್ಚು ಏರಿಸುತ್ತಾರೆ.

75ರಿಂದ 100 ಅಶ್ವಶಕ್ತಿ ಸೇರಿಸಿದಾಗಲೆಲ್ಲ ಒಂದು ಮೆಟ್ಟಿಲು ಕೋಲ್ಡ್ ಕಡೆ ಹೋಗಿ ಎಂಬುದು ಎನ್‌ಜಿಕೆಯ ಅಂದಾಜು ಸೂತ್ರ. ಇದನ್ನು ಕಣ್ಣುಮುಚ್ಚಿ ಪಾಲಿಸಬೇಕಿಲ್ಲ. ನೂರು ಅಶ್ವಶಕ್ತಿ ನಾಲ್ಕು ಸಿಲಿಂಡರಿಗೆ ಹಂಚಿದರೆ ತಲಾ 25. ಆರಕ್ಕೆ ಹಂಚಿದರೆ ಸುಮಾರು 17, ಹಾಗಾಗಿ ಪ್ರತಿ ಪ್ಲಗ್ಗಿನ ಮೇಲಿನ ಹೊರೆಯೂ ಕಡಿಮೆ. ಸುಪ್ರಾದಲ್ಲಿ ಬೂಸ್ಟ್ ಏರಿಸಿದಾಗ ಮೊದಲು 7ಕ್ಕೆ ಹೋಗಿ. ದೊಡ್ಡ ಸಿಂಗಲ್ ಟರ್ಬೊ ಕೂರಿಸಿ ಟ್ರ್ಯಾಕಿನಲ್ಲಿ ಓಡಿಸುವವರಿಗೆ 8 ಹೊಂದುತ್ತದೆ. ಅದೇ 8ನ್ನು ಊರೊಳಗಿನ ಟ್ರಾಫಿಕ್ಕಿನಲ್ಲಿ ತೆವಳುವ ಕಾರಿಗೆ ಹಾಕಿದರೆ ಮಸಿ ಕಟ್ಟುತ್ತದೆ, ಬೆಳಗಿನ ಸ್ಟಾರ್ಟಿಂಗ್ ಕಷ್ಟವಾಗುತ್ತದೆ.

ಗ್ಯಾಪ್ ಮತ್ತು ಬಿಗಿ

ಒತ್ತಡ ಹೆಚ್ಚಿದಷ್ಟೂ ಕಿಡಿ ಹಾರಲು ಹೆಚ್ಚು ವೋಲ್ಟೇಜ್ ಬೇಕು. ಹಳೆಯ 1.1 ಗ್ಯಾಪ್ ಇಟ್ಟರೆ ಬೂಸ್ಟ್ ಏರಿದಾಗ ಕಿಡಿ ಆರಿಹೋಗಿ ಎಂಜಿನ್ ತಡವರಿಸುತ್ತದೆ. 0.7ರಿಂದ 0.8 ಮಿಲಿಮೀಟರಿನಿಂದ ಶುರುಮಾಡಿ. ಆಗಲೂ ಮಿಸ್ಸಿಂಗ್ ಇದ್ದರೆ 0.6ರವರೆಗೆ ಇಳಿಸಿ. ಫೀಲರ್ ಗೇಜಿನಿಂದ ಅಳೆಯಿರಿ, ಹೊರಗಿನ ಕೊಂಡಿಯನ್ನಷ್ಟೇ ಬಗ್ಗಿಸಿ. ಇರಿಡಿಯಮ್ಮಿನ ತೆಳು ತುದಿಗೆ ಉಪಕರಣ ಒತ್ತಿದರೆ ಅದು ಮುರಿಯುತ್ತದೆ.

ಶಾಖ ಮುಖ್ಯವಾಗಿ ವಾಷರ್ ಮತ್ತು ಥ್ರೆಡ್ ಮೂಲಕ ಇಳಿಯುತ್ತದೆ. ಸಡಿಲವಾಗಿ ಕೂತರೆ ಕೋಲ್ಡ್ ಪ್ಲಗ್ಗೂ ಕಾಯುತ್ತದೆ. ಅಲ್ಯೂಮಿನಿಯಂ ಹೆಡ್ಡಿನಲ್ಲಿ ವಾಷರ್ ಇರುವ 14 ಮಿಲಿಮೀಟರಿನ ಪ್ಲಗ್ಗಿಗೆ 25ರಿಂದ 30 ನ್ಯೂಟನ್ ಮೀಟರ್ ಬಿಗಿ ಸಾಕು. ಟಾರ್ಕ್ ರೆಂಚ್ ಇಲ್ಲದಿದ್ದರೆ ಹೊಸ ಪ್ಲಗ್ಗನ್ನು ಕೈಯಲ್ಲಿ ಕೊನೆಯವರೆಗೆ ತಿರುಗಿಸಿ, ಆಮೇಲೆ ಸ್ಪ್ಯಾನರಿನಿಂದ ಅರ್ಧದಿಂದ ಮುಕ್ಕಾಲಿಗಿಂತ ತುಸು ಕಡಿಮೆ ಸುತ್ತು ಕೊಡಿ.

ಪ್ಲಗ್ ಹೇಳುವ ಸಾಕ್ಷಿ

ಡೈನೊ (ಎಂಜಿನ್ನಿನ ಬಲ ಅಳೆಯುವ ಯಂತ್ರ) ಅಥವಾ ಟ್ರ್ಯಾಕಿನಲ್ಲಿ ಪೂರ್ತಿ ಲೋಡಿನಲ್ಲಿ ಓಡಿಸಿ, ತಕ್ಷಣ ಎಂಜಿನ್ ನಿಲ್ಲಿಸಿ, ಹೆಡ್ ತಣಿದ ಮೇಲೆ ಪ್ಲಗ್ ಬಿಚ್ಚಿ ನೋಡಿ. ಪಿಂಗಾಣಿ ತಿಳಿಕಂದು ಅಥವಾ ಬೂದುಬಣ್ಣಕ್ಕಿದ್ದರೆ ಆಯ್ಕೆ ಸರಿ. ಒಣ ಕಪ್ಪು ಮಸಿ ಇದ್ದರೆ ಪ್ಲಗ್ ತೀರಾ ಕೋಲ್ಡ್ ಅಥವಾ ಇಂಧನ ಹೆಚ್ಚು. ಸುಣ್ಣದಂತೆ ಬೆಳ್ಳಗಾಗಿ ಗುಳ್ಳೆ ಎದ್ದಿದ್ದರೆ ವಿಪರೀತ ಕಾದಿದೆ. ಪಿಂಗಾಣಿಯ ಮೇಲೆ ಮಿರುಗುವ ಸಣ್ಣ ಚುಕ್ಕೆಗಳಿದ್ದರೆ ಅದು ಪಿಸ್ಟನ್ನಿನಿಂದ ಎದ್ದ ಅಲ್ಯೂಮಿನಿಯಂ. ಆಗ ಮತ್ತೆ ಓಡಿಸದೆ ಟ್ಯೂನಿಂಗನ್ನೇ ಪರೀಕ್ಷಿಸಬೇಕು. ತಪ್ಪು ಟ್ಯೂನಿಂಗನ್ನು ಯಾವ ಕೋಲ್ಡ್ ಪ್ಲಗ್ಗೂ ಸರಿಮಾಡಲಾರದು.

ಎರಡು ನಂಬರುಗಳ ನಡುವೆ ಅನುಮಾನ ಬಂದರೆ ಕೋಲ್ಡ್ ಪ್ಲಗ್ಗನ್ನೇ ಹಾಕಿ. ಅದು ತಪ್ಪಾದರೆ ಹಾಳಾಗುವುದು ಒಂದು ಸೆಟ್ ಪ್ಲಗ್. ಹಾಟ್ ಪ್ಲಗ್ ಹಾಕಿ ತಪ್ಪಿದರೆ ಹೋಗುವುದು ಎಂಜಿನ್.